ನಾಸಿಕ್‌ನಲ್ಲಿ ಎರಡು ರಾತ್ರಿ: ವೈನ್ ತೋಟದಲ್ಲಿ ಉಳಿಯಬೇಕಾ, ಊರಲ್ಲಾ?

ಪ್ರಶ್ನೆ: ನಾವು ಧಾರವಾಡದ ಕಡೆಯವರು, ಈಗ ಪುಣೆಯಲ್ಲಿದ್ದೇವೆ. ಫೆಬ್ರವರಿಯಲ್ಲಿ ಒಂದು ಶುಕ್ರವಾರ ಹೊರಟು ಭಾನುವಾರ ವಾಪಸ್ ಬರುವ ಹಾಗೆ ನಾಸಿಕ್‌ಗೆ ಹೋಗುವ ಯೋಚನೆ ಇದೆ. ನಾನು, ಹೆಂಡತಿ, ಆರು ವರ್ಷದ ಮಗಳು, ಅಪ್ಪ, ಅಮ್ಮ. ಅಮ್ಮನಿಗೆ ತ್ರ್ಯಂಬಕೇಶ್ವರ ನೋಡುವ ಆಸೆ ಬಹಳ ದಿನದ್ದು. ನಮ್ಮಿಬ್ಬರಿಗೆ ಒಂದೆರಡು ವೈನರಿ ನೋಡಬೇಕು. ಅಪ್ಪನಿಗೆ ಮೊಣಕಾಲು ನೋವು. ವೈನರಿ ಒಳಗೇ ಇರುವ ರೆಸಾರ್ಟ್ ನೋಡಿದೆವು, ಊರಿನ ಹೋಟೆಲ್‌ಗಿಂತ ಮೂರು ಪಟ್ಟು ದುಡ್ಡು. ಒಂದು ರಾತ್ರಿ ಅಲ್ಲಿ, ಇನ್ನೊಂದು ರಾತ್ರಿ ತ್ರ್ಯಂಬಕದಲ್ಲಿ ಉಳಿದರೆ ಹೇಗೆ?

ಉತ್ತರ: ಎರಡೂ ರಾತ್ರಿ ಒಂದೇ ಕಡೆ ಉಳಿಯಿರಿ. ವೈನರಿ ಒಳಗೂ ಬೇಡ, ತ್ರ್ಯಂಬಕದಲ್ಲೂ ಬೇಡ. ನಾಸಿಕ್ ಊರಿನ ಪಶ್ಚಿಮ ತುದಿಯಲ್ಲಿ, ಗಂಗಾಪುರ ರಸ್ತೆಯ ಕಡೆ ಒಂದು ಒಳ್ಳೆಯ ಹೋಟೆಲ್ ಹಿಡಿಯಿರಿ. ನೀವಿಬ್ಬರೇ ಹೋಗುವುದಾಗಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅದನ್ನೂ ಮುಂದೆ ಹೇಳುತ್ತೇನೆ.

ಮೊದಲು ಊರಿನ ನಕ್ಷೆ ಮನಸ್ಸಿಗೆ ತಂದುಕೊಳ್ಳಿ. ಗೋದಾವರಿ ಹರಿಯುವ ದಾರಿ ಹಿಡಿದರೆ ಸಾಕು. ನದಿ ಹುಟ್ಟುವುದು ತ್ರ್ಯಂಬಕದ ಬ್ರಹ್ಮಗಿರಿ ಬೆಟ್ಟದಲ್ಲಿ. ಅದು ನಾಸಿಕ್‌ನಿಂದ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್. ಅಲ್ಲಿಂದ ಇಳಿದು ಬಂದ ನೀರು ಗಂಗಾಪುರ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಸುಲಾ, ಯಾರ್ಕ್, ಸೋಮಾ, ಈ ಮೂರೂ ವೈನರಿಗಳು ಇರುವುದು ಆ ಹಿನ್ನೀರಿನ ಸುತ್ತಮುತ್ತಲೇ. ಅಣೆಕಟ್ಟು ದಾಟಿದ ನದಿ ಊರೊಳಗೆ ಬಂದು ಪಂಚವಟಿ, ರಾಮಕುಂಡದ ಮುಂದೆ ಹರಿಯುತ್ತದೆ. ಅಂದರೆ ಅಮ್ಮನ ತ್ರ್ಯಂಬಕ, ನಿಮ್ಮ ವೈನರಿ, ಎಲ್ಲರೂ ನೋಡುವ ರಾಮಕುಂಡ, ಮೂರೂ ಒಂದೇ ನದಿಯ ದಾರಿಯಲ್ಲಿವೆ. ಈ ದಾರಿಯ ನಡುವೆ ಎಲ್ಲೋ ಹಾಸಿಗೆ ಇದ್ದರೆ ಯಾವ ಕಡೆಗೂ ಹೆಚ್ಚು ದೂರ ಆಗುವುದಿಲ್ಲ. ಗಂಗಾಪುರ ರಸ್ತೆಯ ಪಶ್ಚಿಮ ತುದಿಯಿಂದ ವೈನರಿಗಳಿಗೆ ಇಪ್ಪತ್ತು ನಿಮಿಷದ ಆಸುಪಾಸು. ತ್ರ್ಯಂಬಕಕ್ಕೆ ಬೆಳಗಿನ ಜಾವ ಹೊರಟರೆ ಒಂದು ಗಂಟೆಯೊಳಗೆ ಮುಟ್ಟುತ್ತೀರಿ.

ಒಂದು ರಾತ್ರಿ ಅಲ್ಲಿ, ಒಂದು ರಾತ್ರಿ ಇಲ್ಲಿ ಅನ್ನುವುದು ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಒಂದು ಕೋಣೆ ಬಿಡಬೇಕು. ಇನ್ನೊಂದು ಕೋಣೆ ಕೈಗೆ ಸಿಗುವುದು ಮಧ್ಯಾಹ್ನ ಎರಡರ ಮೇಲೆ. ನಡುವಿನ ಮೂರ್ನಾಲ್ಕು ಗಂಟೆ ಐದು ಜನ, ಐದು ಬ್ಯಾಗು, ಮೊಣಕಾಲು ನೋವಿನ ಅಪ್ಪ, ನಿದ್ದೆಗೆ ಬಂದ ಮಗಳು, ಎಲ್ಲ ಕಾರಲ್ಲೇ. ಎರಡೇ ರಾತ್ರಿಯ ಪ್ರವಾಸದಲ್ಲಿ ಒಂದು ಮಧ್ಯಾಹ್ನ ಕಳೆದುಕೊಂಡರೆ ಅರ್ಧ ಪ್ರವಾಸ ಕಳೆದುಕೊಂಡ ಹಾಗೆ. ತ್ರ್ಯಂಬಕದಲ್ಲೇ ಉಳಿಯಬೇಕಾದವರು ಬೇರೆ. ನಾರಾಯಣ ನಾಗಬಲಿ ಪೂಜೆ ಮಾಡಿಸುವವರಿಗೆ ಅದು ಮೂರು ದಿನದ ಕೆಲಸ, ಅವರು ಅಲ್ಲೇ ಇರಲೇಬೇಕು. ಬರೀ ದರ್ಶನಕ್ಕೆ ಹೋಗುವವರಿಗೆ ಅದರ ಅಗತ್ಯ ಇಲ್ಲ.

ಇನ್ನು ವೈನರಿ ಒಳಗಿನ ವಾಸ. ಸುಲಾದ ಆವರಣದಲ್ಲೇ ಅವರ ದಿ ಸೋರ್ಸ್ ರೆಸಾರ್ಟ್ ಇದೆ, ಸ್ವಲ್ಪ ದೂರದಲ್ಲಿ ಹಿನ್ನೀರಿನ ಕಡೆ ಅವರದೇ ಬಿಯಾಂಡ್ ಇದೆ. ಅದೇ ದಿಕ್ಕಿನಲ್ಲಿ ಸೋಮಾದವರದೂ ಕೋಣೆಗಳಿವೆ. ಇಂಥ ಕಡೆ ದುಡ್ಡು ಯಾಕೆ ಜಾಸ್ತಿ ಅಂದ್ರೆ, ನೀವು ಕೊಡುವುದು ಕೋಣೆಗೆ ಮಾತ್ರ ಅಲ್ಲ. ರಾತ್ರಿ ಯಾರೂ ಕಾರು ಮುಟ್ಟಬೇಕಾಗಿಲ್ಲ ಅನ್ನುವ ನೆಮ್ಮದಿಗೂ ಕೊಡುತ್ತೀರಿ. ಕೊನೆಯ ಗ್ಲಾಸ್ ಮುಗಿಸಿ ನಡೆದುಕೊಂಡೇ ಕೋಣೆಗೆ ಹೋಗಬಹುದು. ವೈನ್ ನಾಡಿನಲ್ಲಿ ಉಳಿಯುವ ಜಾಗ ಆರಿಸುವಾಗ ನಾನು ಕೇಳುವ ಮೊದಲ ಪ್ರಶ್ನೆಯೇ ಇದು: ಕೊನೆಯ ಗ್ಲಾಸ್ ಎಲ್ಲಿ ಮುಗಿಯುತ್ತದೆ, ಅಲ್ಲಿಂದ ಹಾಸಿಗೆ ಎಷ್ಟು ದೂರ, ಮಧ್ಯೆ ಗಾಡಿ ಓಡಿಸುವವರು ಯಾರು? ಕಿಟಕಿಯಿಂದ ಏನು ಕಾಣುತ್ತದೆ ಅನ್ನುವುದು ಆಮೇಲೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಟೇಸ್ಟಿಂಗ್‌ನಲ್ಲಿ, ಅಂದರೆ ಬಗೆಬಗೆಯ ವೈನ್ ರುಚಿ ತೋರಿಸುವಾಗ, ಒಂದೊಂದು ಬಗೆ ಸುಮಾರು 30 ಎಂಎಲ್ ಹಾಕುತ್ತಾರೆ. ಗ್ಲಾಸಿನ ತಳದಲ್ಲಿ ಇಷ್ಟೇ ಇಷ್ಟು ಕಾಣುತ್ತದೆ. ಐದಾರು ಬಗೆ ಆಗುವಷ್ಟರಲ್ಲಿ 150ರಿಂದ 180 ಎಂಎಲ್ ಒಳಗೆ ಹೋಗಿರುತ್ತದೆ. ವೈನ್‌ನಲ್ಲಿ ಆಲ್ಕೋಹಾಲ್ 12–13 ಪರ್ಸೆಂಟ್ ಇರುತ್ತದೆ. ನಮ್ಮ ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಸಾಧಾರಣ ಮೈಕಟ್ಟಿನ ಒಬ್ಬರು ಆ ಆರು ಗುಟುಕಿನಲ್ಲೇ ಮಿತಿ ದಾಟಬಹುದು, ಅವರಿಗೆ ಏರಿದೆ ಅಂತ ಅನಿಸಿಯೇ ಇರುವುದಿಲ್ಲ. ಮೊದಲ ಸಲ ಸಿಕ್ಕಿಬಿದ್ದರೂ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡದ ಮಾತು ಬಿಡಿ. ಹಿಂದಿನ ಸೀಟಿನಲ್ಲಿ ನಿಮ್ಮ ಮಗಳು ಇರುತ್ತಾಳೆ. ಅವತ್ತು ನೀವು ಸ್ಟೇರಿಂಗ್ ಹಿಡಿಯಲೇಬೇಡಿ.

ಹಾಗಿದ್ದರೂ ನಿಮಗೆ ವೈನರಿ ರೆಸಾರ್ಟ್ ಬೇಡ ಅಂದೆ. ಯಾಕೆ ಅಂದ್ರೆ ಅಲ್ಲಿ ನಿಮ್ಮಿಬ್ಬರಿಗೆ ದಿನವಿಡೀ ಏನಾದರೂ ಇರುತ್ತದೆ, ಅಪ್ಪ ಅಮ್ಮನಿಗೆ ಇರುವುದಿಲ್ಲ. ಫೆಬ್ರವರಿಯ ಶನಿವಾರ ಮುಂಬೈ, ಪುಣೆಯ ಜನ ಎಲ್ಲ ಅಲ್ಲೇ. ಸಂಜೆ ಹಾಡು, ಗದ್ದಲ, ಪ್ರತಿ ಮೇಜಿನ ಮೇಲೂ ಬಾಟಲಿ. ಮಗ ಸೊಸೆ ಕುಡಿಯುವುದಕ್ಕೆ ಅಮ್ಮ ಬೇಡ ಅನ್ನದೇ ಇರಬಹುದು. ಆದರೆ ಮರುದಿನ ಬೆಳಿಗ್ಗೆ ಜ್ಯೋತಿರ್ಲಿಂಗದ ಮುಂದೆ ನಿಲ್ಲುವ ಮನಸ್ಸಿನಲ್ಲಿರುವವರನ್ನು ಹಿಂದಿನ ರಾತ್ರಿ ಅಲ್ಲಿ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಊರ ಕಡೆ ಇದ್ದರೆ ಅವರ ಊಟ, ಅವರ ಸಂಜೆಯ ಓಡಾಟ, ಮೆಡಿಕಲ್ ಶಾಪ್, ಏನಾದರೂ ಆದರೆ ಆಸ್ಪತ್ರೆ, ಎಲ್ಲ ಹತ್ತಿರ. ನೀವಿಬ್ಬರೂ ಮೂರು ಗಂಟೆ ಹೊರಗೆ ಹೋದರೂ ಅವರ ದಿನ ನಿಲ್ಲುವುದಿಲ್ಲ.

ಊರಲ್ಲಿ ಉಳಿದರೆ ಇರುವ ಒಂದೇ ತೊಂದರೆ ವೈನರಿಯಿಂದ ವಾಪಸ್ ಬರುವುದು. ಆ್ಯಪ್‌ನಲ್ಲಿ ಕ್ಯಾಬ್ ಕರೆದರೆ ಹೋಗುವಾಗ ಸುಲಭವಾಗಿ ಸಿಗುತ್ತದೆ. ಸಂಜೆ ವಾಪಸ್ ಬರುವಾಗ ಆ ಕಡೆ ಗಾಡಿಯೇ ಇರುವುದಿಲ್ಲ. ಒಂದು ಶನಿವಾರ ರಾತ್ರಿ ಎಂಟೂವರೆಗೆ ಒಂದು ವೈನರಿಯ ಗೇಟಿನ ಹೊರಗೆ ನಾನು ಮತ್ತು ನನ್ನ ತಂಗಿ ಐವತ್ತು ನಿಮಿಷ ನಿಂತಿದ್ದೆವು. ರಸ್ತೆ ದೀಪ ಇಲ್ಲ, ಚಳಿ ಬೇರೆ. ಬುಕ್ ಮಾಡಿದ ಎರಡು ಗಾಡಿಯವರೂ ಕ್ಯಾನ್ಸಲ್ ಮಾಡಿದರು. ಅವತ್ತಿನಿಂದ ಯಾರು ಕೇಳಿದರೂ ಒಂದೇ ಮಾತು ಹೇಳುತ್ತೇನೆ. ಹೋಟೆಲಿನವರಿಗೇ ಹೇಳಿ ಅರ್ಧ ದಿನಕ್ಕೆ ಗಾಡಿ ಗೊತ್ತು ಮಾಡಿ, ಕಾಯುವ ಲೆಕ್ಕವನ್ನೂ ಸೇರಿಸಿ ರೇಟು ಮೊದಲೇ ಮಾತಾಡಿಕೊಳ್ಳಿ. ರೆಸಾರ್ಟ್‌ಗೆ ಕೊಡುವ ಹೆಚ್ಚಿನ ದುಡ್ಡಿನ ಮುಂದೆ ಇದು ಏನೂ ಅಲ್ಲ.

ಈಗ ನೀವಿಬ್ಬರೇ ಹೋಗುವ ಮಾತು. ಮಗಳನ್ನು ಅಜ್ಜಿ ತಾತನ ಹತ್ತಿರ ಬಿಟ್ಟು ಒಂದು ಮಂಗಳವಾರವೋ ಬುಧವಾರವೋ ಹೋಗುವುದಾದರೆ ಕಣ್ಣು ಮುಚ್ಚಿ ತೋಟದೊಳಗೇ ಉಳಿಯಿರಿ. ವಾರದ ನಡುವೆ ದರವೂ ಇಳಿದಿರುತ್ತದೆ, ಜನವೂ ಕಡಿಮೆ. ಅದರಲ್ಲೂ ಜನವರಿಯಿಂದ ಮಾರ್ಚ್‌ವರೆಗಿನ ಕೊಯ್ಲಿನ ದಿನಗಳಲ್ಲಿ ತೋಟದಲ್ಲೇ ಬೆಳಗಾಗುವುದಕ್ಕೆ ಬೇರೆಯೇ ಬೆಲೆ ಇದೆ. ಬಿಸಿಲೇರುವ ಮೊದಲೇ ಕೊಯ್ಲು ಶುರುವಾಗುತ್ತದೆ, ಹಣ್ಣು ತಣ್ಣಗಿರುವಾಗಲೇ ಒಳಗೆ ಹೋಗಬೇಕು. ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸರು ಸಣ್ಣ ಕತ್ತರಿ ಹಿಡಿದು ಸಾಲಿನುದ್ದಕ್ಕೂ ಬಗ್ಗಿಕೊಂಡು ಹೋಗುತ್ತಾರೆ. ಎಡಗೈ ಗೊಂಚಲಿನ ಕೆಳಗೆ, ಬಲಗೈಯಲ್ಲಿ ಕತ್ತರಿ, ಚಕ್ ಅಂತ ಒಂದು ಸದ್ದು, ಗೊಂಚಲು ಕ್ರೇಟಿಗೆ. ಕೇಳಿ ಒಂದು ಹಣ್ಣು ಬಾಯಿಗೆ ಹಾಕಿಕೊಳ್ಳಿ. ಮಾರ್ಕೆಟ್ಟಿನ ಥಾಮ್ಸನ್ ದ್ರಾಕ್ಷಿಯ ಹಾಗಲ್ಲ. ಕಾಳು ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ, ಸಿಹಿ ಮಾತ್ರ ನಾಲಿಗೆಗೆ ಅಂಟುವಷ್ಟು. ಬೆರಳು ಹತ್ತು ನಿಮಿಷ ಅಂಟಂಟಾಗೇ ಇರುತ್ತದೆ. ಇದನ್ನು ನೋಡುವುದಕ್ಕೆ ಬೆಳಿಗ್ಗೆ ಆರೂವರೆಗೆ ಅಲ್ಲಿರಬೇಕು. ಊರಿನ ಹೋಟೆಲಿನಿಂದ ಎದ್ದು ಬರುವ ಮಾತಲ್ಲ ಅದು.

ಆದರೆ ‘ವೈನ್‌ಯಾರ್ಡ್ ವ್ಯೂ’ ಅಂತ ಬರೆದ ಕೋಣೆಗೆ ಹೆಚ್ಚು ದುಡ್ಡು ಕೊಡುವ ಮೊದಲು ತಿಂಗಳು ನೋಡಿ. ಯುರೋಪಿನ ಬಳ್ಳಿ ಚಳಿಗಾಲದಲ್ಲಿ ತಾನೇ ಮಲಗುತ್ತದೆ, ವರ್ಷಕ್ಕೆ ಒಂದು ಸಲ ಕಡ್ಡಿ ಕತ್ತರಿಸಿ ಸವರಿದರೆ ಸಾಕು. ನಮ್ಮ ಕಡೆ ಆ ಚಳಿ ಇಲ್ಲ. ಅದಕ್ಕೇ ಎರಡು ಸಲ ಸವರುತ್ತಾರೆ, ಬೇಸಿಗೆಯಲ್ಲಿ ಒಮ್ಮೆ, ಮಳೆ ಹಿಂದೆ ಸರಿಯುವ ಹೊತ್ತಿಗೆ ಇನ್ನೊಮ್ಮೆ. ಈ ಸವರುವುದನ್ನೇ ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರು ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತಾರಲ್ಲ, ಅದೇ ಲೆಕ್ಕ ಇಲ್ಲೂ. ನಾನು ಒಮ್ಮೆ ಅಕ್ಟೋಬರ್ ಶುರುವಿನಲ್ಲಿ ಒಂದು ರೆಸಾರ್ಟ್‌ನಲ್ಲಿ ದುಡ್ಡು ಕೊಟ್ಟು ಅಂಥ ಕೋಣೆ ತಗೊಂಡೆ. ಪರದೆ ಸರಿಸಿದರೆ ತಂತಿ, ಕಂಬ, ಬೋಳು ಕಡ್ಡಿ. ಚಾಟ್ನಿ ಆಗಿ ವಾರ ಕಳೆದಿತ್ತು. ಬುಕ್ ಮಾಡುವಾಗ ಫೋನಿನಲ್ಲಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು, ಯಾರೂ ಹೇಳಲಿಲ್ಲ. ನಿಮ್ಮ ಫೆಬ್ರವರಿಗೆ ಆ ಭಯ ಇಲ್ಲ, ಬಳ್ಳಿ ತುಂಬಿರುತ್ತದೆ. ಆದರೂ ಕೊಯ್ಲು ಎಲ್ಲಿಗೆ ಬಂತು, ಟೇಸ್ಟಿಂಗ್ ರೂಮಿನ ಹತ್ತಿರದ ಸಾಲುಗಳಲ್ಲಿ ಹಣ್ಣು ಇದೆಯಾ ಅಂತ ಫೋನ್ ಮಾಡಿ ಕೇಳಿ.

ಬೇರೆ ಎರಡು ದಿಕ್ಕಿನ ಬಗ್ಗೆಯೂ ಹೇಳಿಬಿಡುತ್ತೇನೆ, ಹುಡುಕುವಾಗ ಅವೂ ಕಣ್ಣಿಗೆ ಬೀಳುತ್ತವೆ. ಇಗತಪುರಿ ಕಡೆ ಕಾವನೈ ಊರಿನ ವಲೋನ್ ಚಿಕ್ಕ ವೈನರಿ, ಬೆರಳೆಣಿಕೆಯ ಕೋಣೆಗಳು, ಎದುರಿಗೆ ಮುಕಣೆ ಅಣೆಕಟ್ಟಿನ ನೀರು. ಬಹಳ ಪ್ರಶಾಂತ ಜಾಗ. ನಮ್ಮ ದೊಡ್ಡಬಳ್ಳಾಪುರದಲ್ಲಿ ಶುರುವಾದ ಗ್ರೋವರ್‌ನವರ ನಾಸಿಕ್ ಕಡೆಯ ವೈನರಿಯೂ ಇದೇ ತಾಲ್ಲೂಕಿನಲ್ಲಿದೆ. ಮುಂಬೈಯಿಂದ ಬರುವವರಿಗೆ ಅದು ದಾರಿಯಲ್ಲೇ ಸಿಗುತ್ತದೆ. ಪುಣೆಯಿಂದ ಬರುವ ನಿಮಗೆ ಅದು ಅಡ್ಡದಾರಿ. ದಿಂಡೋರಿ ಕಡೆ ದ್ರಾಕ್ಷಿ ಬೇಕಾದಷ್ಟಿದೆ, ವಣಿಯ ಸಪ್ತಶೃಂಗಿ ದೇವಿಗೆ ಹೋಗುವವರಿಗೆ ಅದು ಸರಿ. ಎರಡು ರಾತ್ರಿಯಲ್ಲಿ ಇದನ್ನೆಲ್ಲ ಸೇರಿಸಲು ಹೋಗಬೇಡಿ.

ಹೋಟೆಲ್ ಆರಿಸಿದ ಮೇಲೆ ಬುಕ್ ಮಾಡುವ ಮೊದಲು ಒಂದು ಫೋನ್ ಮಾಡಿ. ಅಪ್ಪನಿಗೆ ನೆಲಮಹಡಿಯ ಕೋಣೆ ಬೇಕು ಅಥವಾ ಲಿಫ್ಟ್ ಇರಬೇಕು. ಲಿಫ್ಟ್ ಇದೆ ಅಂದರೂ ಬಾಗಿಲಿನಿಂದ ಲಿಫ್ಟ್‌ವರೆಗೆ ಎಷ್ಟು ಮೆಟ್ಟಿಲು ಅಂತ ಕೇಳಿ, ಎಷ್ಟೋ ಕಡೆ ನಾಲ್ಕೈದು ಮೆಟ್ಟಿಲು ಹತ್ತಿದ ಮೇಲೇ ಲಿಫ್ಟ್ ಸಿಗುವುದು. ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಸರಳು ಇದೆಯಾ? ಬೆಳಗಿನ ಜಾವ ಐದಕ್ಕೆ ಬಿಸಿನೀರು ಬರುತ್ತದಾ? ಇದನ್ನು ಮರೆಯಲೇಬೇಡಿ. ನಾಸಿಕ್ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಚಳಿಗಾಲದ ಬೆಳಗಿನ ಜಾವ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಅಮ್ಮ ಸ್ನಾನ ಮಾಡದೇ ದೇವಸ್ಥಾನಕ್ಕೆ ಹೊರಡುವುದಿಲ್ಲ, ಅಲ್ವಾ? ಕಾರು ನಿಲ್ಲಿಸಲು ಹೋಟೆಲಿನದೇ ಜಾಗ ಇರಲಿ.

ದರ ನೋಡುವಾಗ ತೆರಿಗೆ ಸೇರಿಸಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ಒಂದು ರಾತ್ರಿಗೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ 5 ಪರ್ಸೆಂಟ್, ಅದಕ್ಕಿಂತ ಮೇಲಿದ್ದರೆ 18. ಹಾಗಾಗಿ 7,400ರ ಕೋಣೆ 7,770ಕ್ಕೆ ನಿಲ್ಲುತ್ತದೆ, 7,600ರ ಕೋಣೆ 8,968ಕ್ಕೆ ಏರುತ್ತದೆ. ನಿಮಗೆ ಎರಡು ಕೋಣೆ, ಎರಡು ರಾತ್ರಿ. ಇನ್ನೂರು ರೂಪಾಯಿ ವ್ಯತ್ಯಾಸ ಅಂತ ಕಂಡದ್ದು ಬಿಲ್ಲಿನಲ್ಲಿ ನಾಲ್ಕು ಸಾವಿರದ ಮೇಲೆ ಹೋಗುತ್ತದೆ.

ತಾರೀಕಿನ ಬಗ್ಗೆ. ಶಿವರಾತ್ರಿಯ ಆಸುಪಾಸಿನ ದಿನ ಬೇಡ, ತ್ರ್ಯಂಬಕದಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಅಪ್ಪನ ಮೊಣಕಾಲಿಗೆ ಆ ಸಾಲು ಆಗುವುದಿಲ್ಲ. ಸೋಮವಾರವೂ ಜನ ಜಾಸ್ತಿ. ಸುಲಾದವರ ಸಂಗೀತ ಉತ್ಸವ ಸುಲಾಫೆಸ್ಟ್ ಇರುವ ವಾರಾಂತ್ಯ ಗಂಗಾಪುರ ರಸ್ತೆಯ ಕೋಣೆಗಳೂ ತುಂಬಿಬಿಡುತ್ತವೆ, ಬುಕ್ ಮಾಡುವ ಮುಂಚೆ ಆ ವರ್ಷದ ತಾರೀಕು ನೋಡಿಕೊಳ್ಳಿ. ಯೋಚನೆ ಬದಲಾಗಿ ಜನವರಿಗೆ ಹೋಗುವುದಾದರೆ 26ರ ರಜೆಯನ್ನು ನಂಬಬೇಡಿ. ಅವತ್ತು ಡ್ರೈ ಡೇ, ವೈನರಿಯಲ್ಲೂ ಗ್ಲಾಸ್ ಸಿಗುವುದಿಲ್ಲ. ದೂರದಿಂದ ಬಂದು ಸುಮ್ನೆ ತೋಟ ನೋಡಿಕೊಂಡು ಹೋದವರನ್ನು ಕಂಡಿದ್ದೇನೆ. ಇನ್ನು 2027ರಲ್ಲಿ ನಾಸಿಕ್, ತ್ರ್ಯಂಬಕಗಳಲ್ಲಿ ಸಿಂಹಸ್ಥ ಕುಂಭಮೇಳ. ಆ ದಿನಗಳಲ್ಲಿ ಈ ಉತ್ತರದ ಯಾವ ಲೆಕ್ಕವೂ ನಡೆಯುವುದಿಲ್ಲ. ವೈನರಿ ನೋಡುವ ಪ್ರವಾಸವನ್ನು ಬೇರೆ ಕಾಲಕ್ಕೆ ಇಟ್ಟುಕೊಳ್ಳಿ.

ಉಳಿಯುವ ಜಾಗ ಒಂದೇ ಆದರೆ ದಿನಗಳನ್ನು ಬೇಕಾದ ಹಾಗೆ ಜೋಡಿಸಬಹುದು. ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಶುಕ್ರವಾರ ಬೆಳಿಗ್ಗೆ ಆರಕ್ಕೇ ಪುಣೆ ಬಿಡಿ, ತಡವಾದರೆ ಚಾಕಣದ ಟ್ರಾಫಿಕ್ಕಿನಲ್ಲೇ ಒಂದು ಗಂಟೆ ಹೋಗುತ್ತದೆ. ನಾರಾಯಣಗಾಂವ್, ಸಂಗಮನೇರ್, ಸಿನ್ನರ್ ದಾರಿಯಲ್ಲಿ ಸುಮಾರು 210 ಕಿಲೋಮೀಟರ್. ತಿಂಡಿಗೆ ನಿಂತು ಹೋದರೂ ಮಧ್ಯಾಹ್ನಕ್ಕೆ ಕೋಣೆಯಲ್ಲಿರುತ್ತೀರಿ. ಊಟ, ಒಂದು ನಿದ್ದೆ. ನಾಲ್ಕಕ್ಕೆ ಹೋಟೆಲಿನವರ ಗಾಡಿ ಬರಲಿ, ನೀವಿಬ್ಬರೂ ಒಂದು ದೊಡ್ಡ ವೈನರಿಗೆ ಹೋಗಿ. ಶುಕ್ರವಾರ ಸಂಜೆ ಶನಿವಾರದಷ್ಟು ಜನ ಇರುವುದಿಲ್ಲ. ಟೂರ್ ಮಾಡಿಸುವವರನ್ನು ಸಮಾಧಾನವಾಗಿ ಪ್ರಶ್ನೆ ಕೇಳಬಹುದು. ಎಲ್ಲ ಬಗೆಯನ್ನೂ ಪೂರ್ತಿ ಕುಡಿಯಬೇಕಾಗಿಲ್ಲ, ಇಷ್ಟವಾಗದ್ದನ್ನು ಸುರಿಯಲು ಮೇಜಿನ ಮೇಲೆ ಪಾತ್ರೆ ಇಟ್ಟಿರುತ್ತಾರೆ. ಎಂಟಕ್ಕೆ ವಾಪಸ್.

ಶನಿವಾರ ಅಮ್ಮನ ದಿನ. ಐದೂವರೆಗೆ ಹೊರಡಿ. ಆ ಹೊತ್ತಿಗೆ ತ್ರ್ಯಂಬಕ ರಸ್ತೆ ಖಾಲಿ, ಬೆಳಕು ಬರುವಾಗ ಬಲಕ್ಕೂ ಎಡಕ್ಕೂ ಬೆಟ್ಟಗಳ ಅಂಚು ಕಾಣುತ್ತದೆ. ಕಪ್ಪು ಕಲ್ಲಿನ ಈ ದೇವಸ್ಥಾನವನ್ನು ಈಗಿನ ರೂಪದಲ್ಲಿ ಕಟ್ಟಿಸಿದ್ದು ಪೇಶ್ವೆ ಬಾಳಾಜಿ ಬಾಜೀರಾವ್. ಅಮ್ಮನಿಗೆ ಒಂದು ಮಾತು ಮೊದಲೇ ಹೇಳಿರಿ: ಇಲ್ಲಿ ಎದ್ದು ಕಾಣುವ ಲಿಂಗ ಇಲ್ಲ. ಒಂದು ಗುಳಿ, ಅದರೊಳಗೆ ಹೆಬ್ಬೆರಳಿನಷ್ಟು ಮೂರು ಲಿಂಗ, ಬ್ರಹ್ಮ ವಿಷ್ಣು ಮಹೇಶ್ವರ. ದೂರದಿಂದ ನೋಡುವವರಿಗೆ ಅನುಕೂಲ ಆಗಲಿ ಅಂತ ಮೇಲೆ ಕನ್ನಡಿ ಇಟ್ಟಿರುತ್ತಾರೆ. ಗೊತ್ತಿಲ್ಲದೆ ಹೋದವರು ಎಲ್ಲಿ ಎಲ್ಲಿ ಅಂತ ಹುಡುಕುವಷ್ಟರಲ್ಲಿ ಮುಂದೆ ತಳ್ಳಿಬಿಡುತ್ತಾರೆ, ಇಷ್ಟು ವರ್ಷದ ಆಸೆ ಹಾಗೆ ಕಳೆದುಹೋಗಬಾರದು. ಬೇಗ ಹೋದರೆ ಬಿಸಿಲೇರುವ ಮೊದಲೇ ವಾಪಸ್ ಬಂದು, ದಾರಿಯಲ್ಲಿ ಒಲೆಯ ಮೇಲೆ ಮಾಡಿದ ಮಿಸಳ್ ತಿಂದು, ಮಧ್ಯಾಹ್ನ ಮಲಗಬಹುದು. ಸಂಜೆ ಎಲ್ಲರೂ ರಾಮಕುಂಡಕ್ಕೆ ಹೋಗಿ. ಅಲ್ಲಿ ಮೆಟ್ಟಿಲುಗಳಿವೆ, ಅಪ್ಪ ಮೇಲೆಯೇ ಕೂತು ನೋಡಬಹುದು.

ಎರಡನೇ ವೈನರಿ ಬೇಕೇ ಬೇಕು ಅಂದರೆ ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ಚಿಕ್ಕದೊಂದಕ್ಕೆ ಹೋಗಿ ಬನ್ನಿ. ಇನ್ನೊಂದು ಮಾತು, ಅಪ್ಪ ಅಮ್ಮನನ್ನೂ ಒಮ್ಮೆ ಕೇಳಿ ನೋಡಿ. ಹೊಲ ಗದ್ದೆ ನೋಡಿ ಬೆಳೆದವರಾದರೆ ಅವರಿಗೆ ಬಾಟಲಿಗಿಂತ ಬಳ್ಳಿಯ ಮೇಲೆ ಆಸಕ್ತಿ ಇರುತ್ತದೆ. ಹಗಲು ಹೊತ್ತು ತೋಟದ ಸಾಲುಗಳನ್ನು ನೋಡಿ ಬರಬಹುದು. ನನ್ನ ತಂದೆ ಹಾಗೆ ಬಂದವರು ಅರ್ಧ ಗಂಟೆ ಹನಿ ನೀರಾವರಿಯ ಪೈಪಿನ ಮುಂದೆಯೇ ನಿಂತಿದ್ದರು.

ಕೊಂಡ ಬಾಟಲಿಗಳನ್ನು ಕಾರಿನಲ್ಲಿ ಬಿಟ್ಟು ಓಡಾಡಬೇಡಿ. ಫೆಬ್ರವರಿಯ ಮಧ್ಯಾಹ್ನ ನಿಲ್ಲಿಸಿದ ಕಾರಿನೊಳಗೆ ವೈನ್ ಬೆಂದುಹೋಗುತ್ತದೆ, ಕಾರ್ಕ್ ಉಬ್ಬಿ ರುಚಿ ಕೆಡುತ್ತದೆ. ಕೋಣೆಯಲ್ಲೇ ತಣ್ಣಗಿರುವ ಮೂಲೆಯಲ್ಲಿಡಿ, ಬಿಲ್ ಜೊತೆಗಿರಲಿ. ಭಾನುವಾರ ಬೆಳಿಗ್ಗೆ ಎಲ್ಲ ಸಾಮಾನು ತುಂಬಿದ ಮೇಲೆ ಕೊನೆಗೆ ತಂದು, ಡಿಕ್ಕಿಯಲ್ಲಲ್ಲ, ಎಸಿ ತಾಗುವ ಹಾಗೆ ಮುಂದಿನ ಸೀಟಿನ ಕೆಳಗೆ ಟವೆಲ್ ಸುತ್ತಿ ಮಲಗಿಸಿಡಿ.